ಪಟಾಕಿಗೆ ಮನೆ ಸಿಗುವ ತನಕ

ಮನುಷ್ಯರು ದೇವರ ಮುಂದೆ ನಾಯಿಯಾಗಿ ಬೊಗಳುವ ಸೀಮೆ ನಮ್ಮದು! ನಂಬದವರು ಮೈಲಾರಲಿಂಗನ ಗೊರವರನ್ನು ಒಮ್ಮೆ ಕಣ್ಣಾರೆ ನೋಡಬೇಕು. ಮೈಮೇಲೆ ಕಂಬಳಿ, ಹಣೆ ತುಂಬ ಭಂಡಾರ, ಕೈಯಲ್ಲಿ ಡಮರುಗ. ದೋಣಿ ಎಂಬ ಬಟ್ಟಲಲ್ಲಿ ನೈವೇದ್ಯ ಕಲಸಿ ಇಟ್ಟರೆ ಸಾಕು, ಕೈ ನೆಲಕ್ಕೂರಿ, ಬೊಗಳುತ್ತ, ಗುರುಗುಟ್ಟುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ದೋಣಿಗೇ ಬಾಯಿ ಹಾಕುತ್ತಾರೆ. ಆ ಹೊತ್ತಿಗೆ ಅವರು ಮೈಲಾರನ ನಾಯಿಗಳು. ಯಾದಗಿರಿ ಹತ್ತಿರದ ಮೈಲಾಪುರದಲ್ಲಿ ಸಂಕ್ರಾಂತಿಗೆ ಅದೇ ಮೈಲಾರನ, ಅಂದರೆ ಮಲ್ಲಯ್ಯನ ಜಾತ್ರೆ ಕೂಡಿದಾಗ ಏಳುಕೋಟಿ ಅನ್ನುವ ಕೂಗಿಗೆ ಗುಡ್ಡವೇ ದನಿಗೊಡುತ್ತದೆ, ಭಂಡಾರದಲ್ಲಿ ಗಾಳಿಯೇ ಹಳದಿಯಾಗುತ್ತದೆ. ಮಲ್ಲಯ್ಯನ ಪಟ ಇಲ್ಲಿ ಎಷ್ಟು ಮನೆಗಳ ಜಗುಲಿಯ ಮೇಲಿದೆಯೋ! ಕುದುರೆ ಮೇಲೆ ದೇವರು, ಕುದುರೆಯ ಕಾಲ ಬಳಿ ಓಡುವ ನಾಯಿ. ಚಿಕ್ಕಂದಿನಿಂದ ಆ ಪಟಕ್ಕೆ ಕೈ ಮುಗಿದವನು ನಾನು. ಆದರೆ ಆ ನಾಯಿಯನ್ನು ಸರಿಯಾಗಿ ನೋಡಿದ್ದು ಮೊನ್ನೆ ಮೊನ್ನೆ, ಅದೂ ಶಹಾಪುರದ ಬಸ್ ನಿಲ್ದಾಣದ ಒಂದು ಕುಂಟುಕಾಲಿನ ಕುನ್ನಿ ಮನೆಗೆ ಬಂದ ಮೇಲೆ.

ಅವಳಿಗೆ ಪಟಾಕಿ ಎಂದು ಹೆಸರಿಟ್ಟಿದ್ದು ಚಹಾ ಅಂಗಡಿಯ ಹುಡುಗರು. 2025ರ ಶ್ರಾವಣದ ಮಳೆ. ಯಾವುದೋ ಬೈಕು ತಾಗಿ ಹಿಂಗಾಲು ಊದಿತ್ತು. ಉಳಿದ ಮೂರೇ ಕಾಲಲ್ಲಿ ನಿಂತು ಅವಳು ಒಳಗೆ ಬರುವ ಒಂದೊಂದು ಬಸ್ಸಿನ ಚಕ್ರಕ್ಕೂ ಬೊಗಳಿ, ಬಸ್ಸನ್ನು ಓಡಿಸಿದೆನೆಂಬ ಜಂಬದಲ್ಲಿ ಬಾಲ ಆಡಿಸುತ್ತಿದ್ದಳು. ಎತ್ತಿಕೊಂಡು ದನದ ದವಾಖಾನೆಗೆ ಹೋದೆ. ಡಾಕ್ಟರು ಕಾಲು ಬಿಟ್ಟು ಮೊದಲು ಬಾಯಿ ತೆರೆದರು. "ಬರ್ರಿ, ಇಲ್ಲಿ ನೋಡ್ರಿ" ಎಂದು ತುಟಿ ಎತ್ತಿ ಹಿಡಿದರೆ, ಅಬ್ಬಾ, ಒಂದೇ ಜಾಗದಲ್ಲಿ ಎರಡು ಕೋರೆಹಲ್ಲು! ಸೂಜಿಮೊನೆಯ ಹಾಲುಹಲ್ಲು ಇನ್ನೂ ಬಿದ್ದಿಲ್ಲ, ಅದರ ಮಗ್ಗುಲಲ್ಲೇ ಗಟ್ಟಿ ಹಲ್ಲು ಮೇಲೆದ್ದಿದೆ, ಸುತ್ತ ವಸಡು ಕೆಂಪಾಗಿದೆ. ಐದಾರು ತಿಂಗಳ ಕುನ್ನಿ ಅನ್ನುವುದಕ್ಕೆ ಬೇರೆ ಜನ್ಮಪತ್ರ ಬೇಡ. ನಾಯಿಮರಿಗೆ 28 ಹಾಲುಹಲ್ಲು, ಅವು ಬಿದ್ದು 42 ಬರಬೇಕು, ಅಷ್ಟೂ ಏಳನೇ ತಿಂಗಳ ಹೊತ್ತಿಗೆ ಮುಗಿಯಬೇಕು. "ಕಂಡದ್ದೆಲ್ಲಾ ಕಡೀತದರಿ ಇದು. ಸೊಕ್ಕಲ್ಲ, ದವಡಿ ನೋವು" ಎಂದರು. ಕಾಲು ಮುರಿದಿರಲಿಲ್ಲ. ಹುಚ್ಚುನಾಯಿ ರೋಗದ ಲಸಿಕೆ, ಜಂತಿನ ಗುಳಿಗೆ, ಒಂದು ಹಳದಿ ಕಾರ್ಡು.

ಆ ಮೇಜಿನ ಮೇಲೆ ನಿಂತಿದ್ದವಳು ಎಂಥ ಗಟ್ಟಿ ಪಿಂಡ ಅನ್ನುವುದು ನನಗೆ ತಿಳಿದದ್ದು ಆಮೇಲೆ. ಕೋಲ್ಕತ್ತದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರಾ ಮತ್ತು ಅವರ ತಂಡ ವರ್ಷಗಟ್ಟಲೆ ಬೀದಿನಾಯಿಗಳ ಹಿಂದೆ ನೋಟ್‌ಬುಕ್ ಹಿಡಿದು ಅಲೆದವರು. ಐದು ವರ್ಷ ಅವರು 364 ಮರಿಗಳ ಲೆಕ್ಕ ಇಟ್ಟರು. ಏಳು ತಿಂಗಳು ಮುಟ್ಟಿದ್ದು ನೂರಕ್ಕೆ 19 ಮಾತ್ರ! ಸತ್ತವುಗಳಲ್ಲಿ ನೂರಕ್ಕೆ 63ರ ಸಾವಿನಲ್ಲಿ ಮನುಷ್ಯರ ಕೈವಾಡ: ಗಾಡಿ, ವಿಷ, ಹೊಡೆತ, ಎತ್ತಿಕೊಂಡು ಹೋಗುವುದು. ಐದರಲ್ಲಿ ಒಂದು ಉಳಿಯುವ ಆಟದಲ್ಲಿ ಉಳಿದು ಬಂದವಳು ಈಗ ಡಾಕ್ಟರ ಸ್ಟೆತಸ್ಕೋಪು ಅಗಿಯುತ್ತಿದ್ದಳು.

ನಾಯಿ ಸಾಕುವ ವಿಚಾರ ನನಗಿರಲಿಲ್ಲ. ಕಾಲು ನೆಟ್ಟಗಾಗಿ, ಯಾರದಾದರೂ ಒಳ್ಳೆಯ ಮನೆ ಸಿಗುವವರೆಗೆ ಇಟ್ಟುಕೊಳ್ಳುವುದು, ಅಷ್ಟೇ. ದೊಡ್ಡ ಊರುಗಳಲ್ಲಿ ಇದಕ್ಕೆ ವಾಟ್ಸಾಪ್ ಗುಂಪುಗಳಿವೆ, ಸಂಘಗಳಿವೆ. ನಮ್ಮ ಓಣಿಗೆ ಇದು ಹೊಸದು. "ನಾಯಿ ಸಾಕೀರೇನ್ರಿ?" ಎಂದರು ಎದುರು ಮನೆಯ ಕಾಕಾ. "ಇಲ್ರಿ ಕಾಕಾ, ಮನಿ ಸಿಗೂತನಕ ಇಟಗೊಂಡೀನಿ" ಎಂದೆ. ಅವರು ಅವಳನ್ನು ಮೇಲಿಂದ ಕೆಳಗೆ ನೋಡಿ, "ಮತ್ತ ಬಾಡಿಗಿ ಎಷ್ಟು ಕೊಡ್ತಾಳ್ರಿ?" ಎಂದರು.

ಬಾಡಿಗೆ ಕೊಡಲಿಲ್ಲ, ವಸೂಲಿ ಮಾಡಿದಳು. ಚಪ್ಪಲಿ, ಛತ್ರಿಯ ಹಿಡಿಕೆ, ಕರೆಂಟಿನ ಬಿಲ್ಲು, ಹಿತ್ತಲಿನ ಕರಿಬೇವಿನ ಗಿಡ, ಮತ್ತೆ ಚಪ್ಪಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳಿಗೆ ಏನೋ ಮೈಮೇಲೆ ಬರುತ್ತಿತ್ತು. ಬಾಲ ತೊಡೆಯ ಸಂದಿಗೆ ಸಿಕ್ಕಿಸಿ, ಕಿವಿ ಹಿಂದಕ್ಕೊತ್ತಿ, ಪಡಸಾಲೆಯಿಂದ ಹಿತ್ತಲಿಗೆ, ಹಿತ್ತಲಿಂದ ಪಡಸಾಲೆಗೆ ಸುಂಟರಗಾಳಿ! ಶಹಾಬಾದಿ ಫರಸಿಯ ನುಣುಪು ನೆಲ, ತಿರುವಿನಲ್ಲಿ ಕಾಲು ಜಾರಿ, ಪಕ್ಕೆ ಉಜ್ಜುತ್ತ ಹೋಗಿ ಜೋಳದ ಚೀಲಕ್ಕೆ ಬಡಿದು, ಎದ್ದು ಮತ್ತೆ ಓಟ. ಇದಕ್ಕೆ ಮದ್ದು ಏನೆಂದು ತಿಳಿದಾಗ ನಾನು ಬೆರಗಾದೆ: ನಿದ್ದೆ! ಈ ವಯಸ್ಸಿನ ಮರಿ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗಬೇಕು. ನಿದ್ದೆಗೆಟ್ಟ ಮರಿ ಮಲಗುವುದಿಲ್ಲ, ಇನ್ನಷ್ಟು ಕುಣಿಯುತ್ತದೆ, ಇನ್ನಷ್ಟು ಕಚ್ಚುತ್ತದೆ. ಮಧ್ಯಾಹ್ನ ಕೋಣೆಗೆ ಕತ್ತಲೆ ಮಾಡಿ, ಒದ್ದೆ ಬಟ್ಟೆಯನ್ನು ಹೊಸೆದು ಫ್ರಿಜ್ಜಿನಲ್ಲಿಟ್ಟು ಗಟ್ಟಿಯಾದ ಮೇಲೆ ಬಾಯಿಗೆ ಕೊಟ್ಟರೆ, ತಣ್ಣಗೆ ವಸಡಿಗೆ ಒತ್ತಿಕೊಂಡು ಅಗಿಯುತ್ತ ಅಗಿಯುತ್ತ ಕಣ್ಣು ಮುಚ್ಚುತ್ತಿದ್ದಳು. ಮೈಮೇಲೆ ಹಾರಿದಾಗ ಬೈದರೆ ಅದೂ ಅವಳಿಗೆ ಆಟವೇ. ಬೆನ್ನು ತಿರುಗಿಸಿ ಸುಮ್ಮನೆ ನಿಂತು, ನಾಲ್ಕೂ ಕಾಲು ನೆಲಕ್ಕೆ ಮುಟ್ಟಿದ ಕೂಡಲೇ ಮಾತಾಡಿಸಿದರೆ ಹಾರುವುದರಲ್ಲಿ ಲಾಭವಿಲ್ಲವೆಂದು ತಾನೇ ಲೆಕ್ಕ ಹಾಕಿಕೊಂಡಳು. ಒಂದು ಮಾತು ಮಾತ್ರ ತಮಾಷೆಯಲ್ಲ. ಆಟದಲ್ಲಿ ಹಲ್ಲು ತಾಗಿ ಚರ್ಮ ತರಚಿದರೂ ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ದವಾಖಾನೆಗೆ ಹೋಗಬೇಕು. ಬೀದಿಯಿಂದ ಬಂದ ಮರಿಯನ್ನು ಮನೆಯಲ್ಲಿಟ್ಟುಕೊಳ್ಳುವವರು ಇದರಲ್ಲಿ ಉದಾಸೀನ ಮಾಡುವಂತಿಲ್ಲ.

ಇನ್ನು ಆ ಮೂಗು! ಕಾಲು ನೆಟ್ಟಗಾದ ಮೇಲೆ ಬೆಳಗಿನ ಜಾವ ಊರ ಹೊರಗೆ ಹೊರಡುತ್ತಿದ್ದೆವು. ಶಹಾಪುರದ ಮಲಗಿದ ಬುದ್ಧನ ಬೆಟ್ಟ ಎಲ್ಲರಿಗೂ ಗೊತ್ತು. ನಾಲ್ಕು ಗುಡ್ಡಗಳು ಸೇರಿ ಅಂಗಾತ ಮಲಗಿದ ದೇಹದ ಆಕಾರ, ಮೂಗು, ಗದ್ದ, ಎದೆ. ಎಲ್ಲರೂ ಅತ್ತ ನೋಡುತ್ತಾರೆ, ಪಟಾಕಿ ನೆಲ ನೋಡುತ್ತಾಳೆ. ನಾನೂ ಒಂದು ದಿನ ಕುಕ್ಕರಗಾಲಲ್ಲಿ ಕೂತು ಅವಳ ಮೂಗನ್ನೇ ನೋಡಿದೆ. ಹೊಳ್ಳೆಗಳ ಪಕ್ಕ ಎರಡು ಸೀಳು. ಒಳಗೆ ಎಳೆದ ಉಸಿರು ಮುಂದಿನಿಂದ, ಬಿಟ್ಟ ಉಸಿರು ಆ ಪಕ್ಕದ ಸೀಳಿನಿಂದ. ಹಾಗಾಗಿ ಬಿಟ್ಟ ಗಾಳಿ ಮುಂದಿನ ವಾಸನೆಯನ್ನು ಚದುರಿಸುವುದಿಲ್ಲ. ಸೆಕೆಂಡಿಗೆ ಐದು ಸಲ ಮೂಸುವ ಯಂತ್ರ ಅದು! ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಐವತ್ತು ಅರವತ್ತು ಲಕ್ಷವಾದರೆ ಅವಳ ಮೂಗಿನಲ್ಲಿ ಇಪ್ಪತ್ತು ಕೋಟಿ ಮೀರುತ್ತವೆ. ನನಗೆ ಬರೀ ಕಲ್ಲು ಕಂಡಲ್ಲಿ ಅವಳು ನಿನ್ನೆ ರಾತ್ರಿ ಯಾವ ನಾಯಿ ಬಂತು, ಗಂಡೋ ಹೆಣ್ಣೋ, ಯಾವ ಕಡೆ ಹೋಯಿತು ಎಲ್ಲ ಓದಿ ಮುಗಿಸಿರುತ್ತಾಳೆ. ಹಗ್ಗ ಜಗ್ಗಿ ಜಗ್ಗಿ ಮೈಲುಗಟ್ಟಲೆ ನಡೆಸಿದರೂ ಇಳಿಯದ ಸೊಕ್ಕು, ಹಗ್ಗ ಸಡಿಲ ಬಿಟ್ಟು ಮೂಸಲು ಬಿಟ್ಟರೆ ಅರ್ಧ ತಾಸಿನಲ್ಲಿ ಇಳಿಯುತ್ತಿತ್ತು. ದಣಿಯಬೇಕಾದದ್ದು ಕಾಲಲ್ಲ, ತಲೆ!

ಐಸರ್‌ನವರ 2017ರ ಇನ್ನೊಂದು ಪ್ರಯೋಗ ಓದಿದಾಗ ನಾನು ಮನೆಯಲ್ಲೇ ಅದನ್ನು ಕಂಡಾಗಿತ್ತು. ಅಪರಿಚಿತರು ಮತ್ತೆ ಮತ್ತೆ ಬಂದು ಕೆಲವು ಬೀದಿನಾಯಿಗಳಿಗೆ ತಿಂಡಿ ಕೊಟ್ಟರು, ಕೆಲವನ್ನು ಬರೀ ತಲೆ ಸವರಿದರು. ದಿನ ಕಳೆದಂತೆ ಹೆಚ್ಚು ನಂಬಿಕೆ ಇಟ್ಟದ್ದು ಸವರಿಸಿಕೊಂಡ ನಾಯಿಗಳು. ಪಟಾಕಿಯ ಮುಂದೆ ಮಜ್ಜಿಗೆಯಲ್ಲಿ ನೆನೆಸಿದ ಜೋಳದ ರೊಟ್ಟಿ ಇಟ್ಟು ನಾನು ಪಕ್ಕದಲ್ಲಿ ಕೂತರೆ, ಎರಡು ತುತ್ತು ತಿಂದು, ತಾಟು ಬಿಟ್ಟು ಬಂದು, ಕುತ್ತಿಗೆಯನ್ನು ನನ್ನ ಕೈಯ ಕೆಳಗೆ ತೂರಿಸುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಹುಟ್ಟಿ ಹಸಿವಿನಲ್ಲೇ ಬೆಳೆದ ಜೀವ!

ದೀಪಾವಳಿ ಹೊತ್ತಿಗೆ ಕಲಿಸಿದ್ದೆಲ್ಲ ಮಣ್ಣುಪಾಲಾಯಿತು. ಕೂಡು ಅಂದರೆ ಕೂಡುತ್ತಿದ್ದವಳು ಈಗ ನನ್ನ ಮುಖ ನೋಡಿ, ಆಕಳಿಸಿ, ಎದ್ದು ಹೋಗತೊಡಗಿದಳು. ಹಾಲಿನವನು ಕೂಡು ಅಂದರೆ ಮಾತ್ರ ಕೂಡುವುದು! ಅಪಮಾನವಲ್ಲದೆ ಇನ್ನೇನು? ಆದರೆ ಇದಕ್ಕೂ ಶಾಸ್ತ್ರವಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು: ನಾಯಿಗೂ ಹದಿಹರೆಯವಿದೆ, ಎಂಟು ತಿಂಗಳ ಸುಮಾರಿಗೆ ಅದು ಸಾಕಿದವರ ಮಾತನ್ನೇ ಮೀರುತ್ತದೆ, ಪರಕೀಯರ ಮಾತು ಕೇಳುತ್ತದೆ, ವರ್ಷ ತುಂಬುವ ಹೊತ್ತಿಗೆ ಹಳೆಯ ದಾರಿಗೆ ಬರುತ್ತದೆ. ಜನ ಬೇಸತ್ತು ನಾಯಿಯನ್ನು ಬಿಟ್ಟುಬರುವುದೂ ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ನಾಲ್ಕು ತಿಂಗಳು ತಡೆದಿದ್ದರೆ ಮುಗಿಯುತ್ತಿತ್ತು, ಆದರೆ ಯಾರೂ ಅವರಿಗೆ ಹೇಳಿರುವುದಿಲ್ಲ.

ಮನೆ ಹುಡುಕುವ ಕೆಲಸ ಈ ನಡುವೆ ನಡೆದೇ ಇತ್ತು. ಮೊದಲ ಪ್ರಶ್ನೆ ಎಲ್ಲರದೂ ಒಂದೇ: "ಗಂಡೇನ್ರಿ, ಹೆಣ್ಣೇನ್ರಿ?" ಹೆಣ್ಣು ಅಂದ ಕೂಡಲೇ ಫೋನು ತಣ್ಣಗಾಗುತ್ತಿತ್ತು. ಆಪರೇಷನ್ ಆಗಿದೆ, ಮರಿ ಹಾಕುವುದಿಲ್ಲ ಎಂದರೂ ಅಷ್ಟೇ. ಎರಡನೆಯ ಬೇಡಿಕೆ ಮುಧೋಳ. ಮುಧೋಳ ನಾಯಿಯ ಮೇಲೆ ನನಗೂ ಅಭಿಮಾನವಿದೆ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿ ಅದು. ಆದರೆ ಬಯಲಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ್ದನ್ನು ಎರಡು ಕೋಣೆಯ ಮನೆಯ ಗೇಟಿಗೆ ಕಟ್ಟಿಹಾಕಲು ಕೇಳುವವರಿಗೆ ಏನು ಹೇಳುವುದು? ಯಾದಗಿರಿಯ ಒಬ್ಬರು ಬಂದು ಪಟಾಕಿಯನ್ನು ಮೆಚ್ಚಿದರು, ಗೋದಾಮು ಕಾಯಲಿಕ್ಕೆ ಹಗಲೂ ರಾತ್ರಿ ಸರಪಳಿಯಲ್ಲಿ ಇಡುತ್ತೇನೆ ಎಂದರು. ಕೊಡಲಿಲ್ಲ. ಮಲ್ಲಯ್ಯನ ಜಾತ್ರೆಯಲ್ಲಿ ಸರಪಳಿ ಹರಿಯುವುದನ್ನು ನೋಡಲು ಲಕ್ಷ ಜನ ಸೇರುವ ಸೀಮೆಯವರು ನಾವು!

ನವೆಂಬರ್ 7ಕ್ಕೆ ಸುಪ್ರೀಂ ಕೋರ್ಟಿನ ಆದೇಶ ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆಗೆದು, ಸಂತಾನಹರಣ ಮಾಡಿ, ಲಸಿಕೆ ಹಾಕಿ ಆಶ್ರಯತಾಣದಲ್ಲಿಡಬೇಕು, ಮರಳಿ ಅಲ್ಲಿಗೇ ಬಿಡುವಂತಿಲ್ಲ. ಪಟಾಕಿ ಹುಟ್ಟಿದ ಜಾಗದ ಬಾಗಿಲು ಅಲ್ಲಿಗೆ ಮುಚ್ಚಿತು. ಆಗಸ್ಟ್ 22ರ ಆದೇಶದಲ್ಲಿ ದತ್ತು ಪಡೆಯುವವರಿಗೆ ದಾರಿ ಇಟ್ಟಿದ್ದರು, ಪಡೆದವರು ಮತ್ತೆ ಬೀದಿಗೆ ಬಿಡಬಾರದೆಂಬ ಕಟ್ಟಳೆಯನ್ನೂ ಹಾಕಿದ್ದರು. ಎಷ್ಟು ಊರುಗಳಲ್ಲಿ ಅಂಥ ಆಶ್ರಯತಾಣವಿದೆ ಎಂದು ಕೇಳಬೇಡಿ. ಹಾಗಾಗಿಯೇ ಒಂದೊಂದು ಮನೆಯ ಹಿತ್ತಲೂ ಲೆಕ್ಕಕ್ಕೆ ಬರುತ್ತದೆ.

ಆ ದಿನಗಳಲ್ಲೇ ನನಗೆ ಕಾಳಿ ಸಿಕ್ಕಿದ್ದು. ಕ್ರಿ.ಶ. 949-50ರ ಕಾಳಿ! ನಮ್ಮ ಪಕ್ಕದ ಮಳಖೇಡ ರಾಷ್ಟ್ರಕೂಟರ ರಾಜಧಾನಿ. ಅಲ್ಲಿಂದ ಆಳುತ್ತಿದ್ದ ಮೂರನೇ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಆಳು ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದ್ದು ಬೇಡು ಎಂದರು. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಒಡೆಯನ ಮನೆ ಬಿಟ್ಟು ಹೊಸ ಮನೆಗೆ ಹೋದ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ಮಂಡ್ಯ ಸೀಮೆಯ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ತಟ್ಟಲಿ ಎಂದು ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಇನ್ನೂ ಹಣಾಹಣಿ ನಿಂತಿವೆ. ಸಾವಿರ ವರ್ಷದ ಹಿಂದೆ ಒಂದು ನಾಯಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋದ ಸುದ್ದಿ ಕಲ್ಲಿನ ಮೇಲೆ! ಆಮೇಲೆ ಫೋನು ಮಾಡಿದವರನ್ನೆಲ್ಲ ನಾನು ಒಂದೇ ಪ್ರಶ್ನೆ ಕೇಳತೊಡಗಿದೆ. ನಿಮಗೆ ಕಾವಲು ಬೇಕೋ, ಈ ನಾಯಿಯೇ ಬೇಕೋ?

ಉತ್ತರ ಬಂದದ್ದು ಎಳ್ಳಮಾಸಿಯ ದಿನ. ಸುರಪುರದ ಕಡೆಯ ಸ್ನೇಹಿತರ ಹೊಲಕ್ಕೆ ಚರಗಕ್ಕೆ ಕರೆದಿದ್ದರು. ಎರೆ ಹೊಲ, ಎದೆಮಟ್ಟದ ಬಿಳಿಜೋಳ, ಬದುವಿನಗುಂಟ ಕುಸುಬಿ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಕಲ್ಲಿಟ್ಟು ಪಾಂಡವರ ಪೂಜೆ ಆಯಿತು, ಮನೆಯ ಅಜ್ಜ ಬುಟ್ಟಿ ಹಿಡಿದು ಭೂಮಿತಾಯಿಗೆ ಚರಗ ಚೆಲ್ಲುತ್ತ ಹೊರಟರು. ಹಗ್ಗ ನನ್ನ ಕೈ ತಪ್ಪಿದ್ದು ಆಗಲೇ. ಅಜ್ಜ ಚೆಲ್ಲುವುದು, ಪಟಾಕಿ ಗಾಳಿಯಲ್ಲೇ ಹಿಡಿಯುವುದು! ನೆಲಕ್ಕೆ ಒಂದು ಅಗುಳು ಬೀಳಗೊಡಲಿಲ್ಲ. ಹೆಂಗಸರು ಹೌಹಾರಿ ನಿಂತರು. ಅಜ್ಜ ತಿರುಗಿ ನೋಡಿ, "ಎಲಾ ಇವಳ, ಭೂಮ್ತಾಯಿಗಿಂತ ಮೊದ್ಲ ಈಕೀನ ಉಂಡಳಲ್ಲೋ!" ಎಂದು ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಓಡಿದವಳು ಕುಸುಬಿಯ ಮುಳ್ಳಿಗೆ ಮೂಗು ಕೊಟ್ಟು, ಕುಂಯ್ ಎಂದು ಹಿಂದೆ ಸರಿದು, ಬೇವಿನ ಕೆಳಗೆ ಮಲಗಿದ್ದ ಮನೆಯ ಮುದಿ ನಾಯಿಯ ಮೇಲೆ ಹೋಗಿ ಬಿದ್ದಳು. ಅದು ಏಳಲೂ ಇಲ್ಲ. ಒಂದು ಸಲ ತುಟಿ ಎತ್ತಿ, ಗಂಟಲೊಳಗೆ ಗುರ್ ಎಂದಿತು. ನಾನು ಶ್ರಾವಣದಿಂದ ಹೇಳಿ ಹೇಳಿ ಸೋತ ಮಾತು ಅದೇನೋ, ಪಟಾಕಿ ಅಲ್ಲೇ ಕೂತಳು! ಕಿವಿ ಇಳಿಬಿಟ್ಟು, ಮೆಲ್ಲಗೆ ಹೊಟ್ಟೆ ಎಳೆಯುತ್ತ ಹೋಗಿ ಅದರ ಮಗ್ಗುಲಲ್ಲಿ ಮಲಗಿದಳು.

"ಇಲ್ಲೇ ಬಿಟ್ಟು ಹೋಗ್ರಿ ಈಕೀನ್ನ" ಎಂದರು ಅಜ್ಜ. ಗಂಡೋ ಹೆಣ್ಣೋ ಎಂದು ಕೇಳಲೇ ಇಲ್ಲ. ಸಂಕ್ರಾಂತಿವರೆಗೆ ಇಟ್ಟು ನೋಡಿ, ಹೊಂದದಿದ್ದರೆ ಯಾವ ಹೊತ್ತಿಗಾದರೂ ಫೋನು ಮಾಡಿ, ಬಂದು ಒಯ್ಯುತ್ತೇನೆ ಎಂದೆ. ಹಳದಿ ಕಾರ್ಡು ಕೊಟ್ಟೆ, ಮುಂದಿನ ಲಸಿಕೆಯ ತಾರೀಖು ತೋರಿಸಿದೆ, ಮಧ್ಯಾಹ್ನದ ನಿದ್ದೆ ತಪ್ಪಿಸಬೇಡಿ, ಮೂಸುವಾಗ ಜಗ್ಗಬೇಡಿ, ಇನ್ನೂ ಎರಡು ಮೂರು ತಿಂಗಳು ಮಾತು ಕೇಳುವುದಿಲ್ಲ, ತಡಕೊಳ್ಳಿ ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಮುಖ್ಯವಾಗಿ ಚಪ್ಪಲಿ ಎತ್ತಿಡಬೇಕು ಎಂದೆ. ಅಷ್ಟೂ ಹೊತ್ತು ಬಾಗಿಲಲ್ಲಿ ಕೂತು ಭಜ್ಜಿಯ ಗಡಿಗೆ ತೊಳೆಯುತ್ತಿದ್ದ ಅಜ್ಜಿ ತಲೆ ಎತ್ತಿದರು.

"ಚಪ್ಪಲಿ ಎಲ್ಲಿವರಿ ಯಪ್ಪಾ? ನಾವು ಹೊಲದಾಗ ಬರಿಗಾಲಾಗೇ ಅಡ್ಡಾಡೋ ಮಂದಿ."