ಒಂಟಿಕಾಲಲ್ಲಿ ನಿಂತು ಏಳು ಕಳೆಯಿರಿ

ನೋವು ಇಳಿದಿದೆ, ಬಾವು ಕರಗಿದೆ, ಓಡಿದರೂ ಏನೂ ಆಗುತ್ತಿಲ್ಲ. "ಮೇಡಂ, ನಾಳೆಯಿಂದ ಆಡ್ಲಾ?" ಪಾದ ಉಳುಕಿಸಿಕೊಂಡು ಬಂದ ಕಾಲೇಜು ಹುಡುಗ ಹುಡುಗಿಯರು ಕೊನೆಗೆ ಕೇಳುವುದು ಇದನ್ನೇ. ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುವ ನಾನು ಇದಕ್ಕೆ ಬಾಯಲ್ಲಿ ಉತ್ತರ ಹೇಳುವುದಿಲ್ಲ. ಚಪ್ಪಲಿ ಬಿಡಿಸಿ, ಕೈಗಳನ್ನು ಸೊಂಟದ ಮೇಲಿಡಿಸಿ, ಒಂಟಿಕಾಲಲ್ಲಿ ನಿಲ್ಲಿಸುತ್ತೇನೆ.

ಕಣ್ಣು ತೆರೆದಿದ್ದಾಗ ಇದು ಅವರಿಗೆ ಲೆಕ್ಕಕ್ಕೇ ಇಲ್ಲ. ಹದಿನೆಂಟರಿಂದ ನಲವತ್ತರೊಳಗಿನ ಆರೋಗ್ಯವಂತರು ಸಾಮಾನ್ಯವಾಗಿ 40 ಸೆಕೆಂಡು ದಾಟಿಯೂ ಹಾಗೇ ನಿಂತಿರುತ್ತಾರೆ. "ಈಗ ಕಣ್ಣು ಮುಚ್ಚಿ" ಎಂದ ಕೂಡಲೇ ಚಿತ್ರ ಬದಲಾಗುತ್ತದೆ. ಕಾಲ್ಬೆರಳುಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ, ಪಾದದ ಮುಂಭಾಗದ ಸ್ನಾಯುರಜ್ಜುಗಳು ಚರ್ಮದಡಿ ಎದ್ದೆದ್ದು ಇಳಿಯುತ್ತವೆ, ಸೊಂಟ ಅತ್ತಿತ್ತ ಹೊರಳುತ್ತದೆ, ಎತ್ತಿದ ಕಾಲು ದಪ್ಪನೆ ನೆಲಕ್ಕೆ ಬರುತ್ತದೆ. ಇದೇ ವಯಸ್ಸಿನವರ ಸರಾಸರಿ ಈಗ 10ರಿಂದ 15 ಸೆಕೆಂಡಿನ ಆಸುಪಾಸು. ಜಿಮ್‌ನಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ಭಾರ ಎತ್ತುವ ಹುಡುಗರೂ ಇಲ್ಲಿ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

ಹೀಗೇಕೆ? ನಾವು ಸುಮ್ಮನೆ ನಿಂತಿದ್ದೇವೆ ಎಂದುಕೊಂಡಾಗಲೂ ಮೈ ಸುಮ್ಮನಿರುವುದಿಲ್ಲ. ಅಂಗೈ ಮೇಲೆ ಕಸಬರಿಗೆಯನ್ನು ತಲೆಕೆಳಗಾಗಿ ನಿಲ್ಲಿಸಿದಂತೆ, ಪುಟ್ಟ ಪಾದಗಳ ಮೇಲೆ ಎತ್ತರದ ದೇಹ ಸದಾ ಓಲಾಡುತ್ತಿರುತ್ತದೆ. ಓಲಾಟ ಸಣ್ಣದಿದ್ದರೆ ಪಾದದ ಕೀಲೇ ಅದನ್ನು ಸರಿಪಡಿಸುತ್ತದೆ, ಸ್ವಲ್ಪ ದೊಡ್ಡದಾದರೆ ಸೊಂಟ ನೆರವಿಗೆ ಬರುತ್ತದೆ, ಅದಕ್ಕೂ ಮೀರಿದರೆ ಹೆಜ್ಜೆ ತೆಗೆಯದೆ ಗತಿಯಿಲ್ಲ.

ಎಷ್ಟು ಓಲಿದ್ದೇವೆ ಎಂಬ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ. ಅಂಗಾಲಿನ ಸ್ಪರ್ಶ ಮತ್ತು ಸ್ನಾಯು, ಕೀಲುಗಳ ಅರಿವು ಒಂದು. ಕಣ್ಣು ಇನ್ನೊಂದು. ಮೂರನೆಯದು ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳು ತಲೆ ತಿರುಗುವುದನ್ನು ಗುರುತಿಸುತ್ತವೆ. ಪಕ್ಕದ ಎರಡು ಚೀಲಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ತಲೆಯ ವಾಲಿಕೆಯನ್ನೂ ನೇರ ಚಲನೆಯನ್ನೂ ತಿಳಿಸುತ್ತವೆ. ಒಳ್ಳೆಯ ಬೆಳಕಿನಲ್ಲಿ, ಗಟ್ಟಿ ನೆಲದ ಮೇಲೆ, ಎರಡೂ ಕಾಲೂರಿ ನಿಂತ ಆರೋಗ್ಯವಂತರು ಸುಮಾರು ಶೇ. 70ರಷ್ಟು ಪಾದ ಮತ್ತು ಕೀಲುಗಳ ಸುದ್ದಿಯನ್ನು, ಶೇ. 20ರಷ್ಟು ಒಳಕಿವಿಯನ್ನು, ಶೇ. 10ರಷ್ಟು ಕಣ್ಣನ್ನು ನಂಬುತ್ತಾರೆ ಎಂಬುದು ಸಂಶೋಧಕರ ಅಂದಾಜು. ಮೆತ್ತನೆಯ ಫೋಮ್ ಮೇಲೋ ಕೆಸರಿನಲ್ಲೋ ನಿಂತರೆ ಪಾದದ ಸುದ್ದಿ ನಂಬಲಾಗದು, ಆಗ ಮಿಕ್ಕೆರಡರ ಪಾಲು ಏರುತ್ತದೆ. ಒಂಟಿಕಾಲಲ್ಲಿ ಆಧಾರವೇ ಕಿರಿದು, ಯಾವ ಸುದ್ದಿಯನ್ನೂ ಬಿಟ್ಟುಕೊಡುವಂತಿಲ್ಲ. ಕಣ್ಣು ಮುಚ್ಚಿದೊಡನೆ ತಡಬಡಿಸುವುದು ಅದಕ್ಕೇ.

ಪಾದ ಉಳುಕಿದವರ ಕಷ್ಟ ಇಲ್ಲಿಂದಲೇ ಶುರು. ಉಳುಕಿದಾಗ ಲಿಗಮೆಂಟ್ ಎಳೆದುಕೊಳ್ಳುವುದರ ಜೊತೆಗೆ, ಕೀಲು ಯಾವ ಕೋನದಲ್ಲಿದೆ ಎಂದು ತಿಳಿಸುವ ನರದ ತುದಿಗಳಿಗೂ ಪೆಟ್ಟಾಗಬಹುದು. ನೋವು ಹೋದಷ್ಟು ಬೇಗ ಆ ಅರಿವು ಮರಳುವುದಿಲ್ಲ. ಒಮ್ಮೆ ಉಳುಕಿದ ಕಾಲೇ ಮತ್ತೆ ಮತ್ತೆ ಉಳುಕುವುದಕ್ಕೆ ಇದು ಮುಖ್ಯ ಕಾರಣಗಳಲ್ಲಿ ಒಂದು. ನೆದರ್ಲೆಂಡ್ಸ್‌ನ ವಾಲಿಬಾಲ್ ಆಟಗಾರರಿಗೆ ಬ್ಯಾಲೆನ್ಸ್ ಬೋರ್ಡ್ ಮೇಲೆ ತರಬೇತಿ ಕೊಟ್ಟು ನೋಡಿದಾಗ, ಹಿಂದೆ ಉಳುಕಿದ್ದವರಲ್ಲೇ ಅದರ ಲಾಭ ಸ್ಪಷ್ಟವಾಗಿ ಕಂಡಿತು.

ನನ್ನ ಕೊಠಡಿಯ ನೆಲದ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಮೂರು ಟೇಪು ಅಂಟಿಸಿದ್ದೇನೆ. ನಡುವೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮುಂದಕ್ಕೆ, ಹಿಂದಿನ ಎರಡು ಓರೆಗಳಿಗೆ ಆದಷ್ಟು ಚಾಚಬೇಕು. ಪಾದದ ಕೀಲು ಎಷ್ಟು ಬಾಗುತ್ತದೆ, ಸೊಂಟದ ಪಕ್ಕದ ಸ್ನಾಯು ಎಷ್ಟು ಹಿಡಿದಿಡುತ್ತದೆ ಎಲ್ಲವೂ ಇಲ್ಲಿ ಬಯಲಾಗುತ್ತದೆ. ಅಮೆರಿಕದ ಪ್ರೌಢಶಾಲೆಗಳ ಬಾಸ್ಕೆಟ್‌ಬಾಲ್ ಆಟಗಾರರನ್ನು ಹೀಗೆ ಅಳೆದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಮುಂದಕ್ಕೆ ಚಾಚುವಾಗ ಎಡಬಲ ಕಾಲುಗಳ ನಡುವೆ 4 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದವರಿಗೆ ಕಾಲಿನ ಗಾಯದ ಸಾಧ್ಯತೆ ಎರಡೂವರೆ ಪಟ್ಟು ಇತ್ತು. ಇನ್ನು ಬರಿಯ ಕಾಲಿನ ಬಲಕ್ಕೂ ಸಮತೋಲನಕ್ಕೂ ನಂಟು ಅಷ್ಟೇನೂ ಗಟ್ಟಿಯಲ್ಲ. ದಣಿವು, ನಿದ್ದೆಗೇಡು ಮಾತ್ರ ಎಂಥ ಬಲಶಾಲಿಯ ಓಲಾಟವನ್ನೂ ಹೆಚ್ಚಿಸುತ್ತವೆ.

ಇಷ್ಟೂ ಮೈಯ ಮಾತಾಯಿತು. ನನ್ನ ಕೊನೆಯ ಪರೀಕ್ಷೆ ತಲೆಗೆ. ಕಳೆದ ಹಂಗಾಮಿನಲ್ಲಿ ಪಾದ ಉಳುಕಿದ್ದ ಒಬ್ಬ ಕಬಡ್ಡಿ ರೈಡರ್ ಹುಡುಗಿ ಬಂದಿದ್ದಳು. ಟೇಪಿನ ಪರೀಕ್ಷೆ ಪಾಸು. ಉಳುಕಿದ್ದ ಒಂಟಿಕಾಲಲ್ಲೂ ಕಂಬದಂತೆ ನಿಂತಳು. "ಹಾಗೇ ನಿಂತು ನೂರರಿಂದ ಏಳೇಳು ಕಳೆಯುತ್ತಾ ಜೋರಾಗಿ ಹೇಳಮ್ಮ" ಎಂದೆ. ತೊಂಬತ್ತಮೂರು ಸಲೀಸಾಗಿ ಬಂತು, ಎಂಬತ್ತಾರು ಬಂತು. ಆಮೇಲೆ ಹುಬ್ಬು ಗಂಟಿಕ್ಕಿತು, ಮೊಣಕಾಲು ನಡುಗಿತು, "ಎಪ್ಪತ್ತೊಂ..." ಎನ್ನುವಷ್ಟರಲ್ಲಿ ಕಾಲು ಕೆಳಗೆ. ಉಳುಕದ ಇನ್ನೊಂದು ಕಾಲಲ್ಲಿ ಅದೇ ಲೆಕ್ಕವನ್ನು ಎಪ್ಪತ್ತೆರಡು, ಅರವತ್ತೈದು ಎಂದು ಇಳಿಸುತ್ತಲೇ ಹೋದಳು.

ಎಳೆಯ, ಆರೋಗ್ಯವಂತ ಮೈಯಲ್ಲಿ ಸಮತೋಲನದ ಕೆಲಸ ಬಹುಪಾಲು ತನ್ನಷ್ಟಕ್ಕೇ ನಡೆಯುತ್ತದೆ, ಆದರೂ ಪೂರ್ತಿ ಪುಕ್ಕಟೆಯಲ್ಲ. ಸ್ವಲ್ಪ ಗಮನವನ್ನು ಅದು ಖರ್ಚು ಮಾಡಿಯೇ ಮಾಡುತ್ತದೆ. ಹಗುರವಾದ ಲೆಕ್ಕ ಕೊಟ್ಟರೆ ಕೆಲವರು ಮೊದಲಿಗಿಂತ ನೆಟ್ಟಗೆ ನಿಲ್ಲುವುದೂ ಉಂಟು, ಕಾಲಿನ ಮೇಲಿದ್ದ ಅತಿಯಾದ ನಿಗಾ ಸಡಿಲವಾಗುವುದರಿಂದ. ಲೆಕ್ಕ ಕಠಿಣವಾದರೆ ಅಥವಾ ಕಾಲಿನ ಸುದ್ದಿಯೇ ಮಸುಕಾಗಿದ್ದರೆ ಮೆದುಳು ಎರಡರಲ್ಲಿ ಒಂದನ್ನು ಕೈಬಿಡುತ್ತದೆ. ಆ ಹುಡುಗಿಯ ಪೆಟ್ಟಾದ ಕಾಲು ನಿಂತದ್ದು ಗಮನದ ಸಾಲದ ಮೇಲೆ.

ಕಬಡ್ಡಿಯಲ್ಲಿ ಆ ಸಾಲ ಸಿಗುವುದಿಲ್ಲ. ರೈಡರ್ ಒಂದೇ ಉಸಿರಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಾ, ಮೂವತ್ತು ಸೆಕೆಂಡಿನೊಳಗೆ, ಎದುರಿನ ಏಳು ಜನರನ್ನೂ ಬೋನಸ್ ಗೆರೆಯನ್ನೂ ನೋಡಿಕೊಂಡು ಕಾಲು ಚಾಚಬೇಕು. ಅಲ್ಲಿ ಪಾದದ ಬಗ್ಗೆ ಯೋಚಿಸಲು ಪುರುಸೊತ್ತೆಲ್ಲಿ?

ಸಮತೋಲನ ಗಮನವನ್ನು ಬೇಡುತ್ತದೆ ಎಂಬುದು ನಮ್ಮ ಮಲೆನಾಡಿನ ತೋಟಗಳಿಗೆ ಹಳೆಯ ಸಂಗತಿ. ಕೊನೆಗಾರ ಅಡಿಕೆ ಮರದ ತುದಿಯಲ್ಲಿ ಕುಳಿತು ಪಕ್ಕದ ಮರಕ್ಕೆ ಜೀಕುವಾಗ, "ಮೇಲಿರುವವನನ್ನು ಮಾತಾಡಿಸಬೇಡಿ" ಎಂದು ನಮ್ಮಜ್ಜ ಮಕ್ಕಳನ್ನು ಗದರುತ್ತಿದ್ದರು.

ಗಮನ ಎಲ್ಲಿಡಬೇಕು ಎಂಬುದೂ ಮುಖ್ಯ. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಲುಗಾಡುವ ಹಲಗೆಯ ಮೇಲೆ ನಿಂತ ಕೆಲವರಿಗೆ ಪಾದಗಳ ಮೇಲೆ, ಉಳಿದವರಿಗೆ ಪಾದದ ಮುಂದಿನ ಗುರುತುಗಳ ಮೇಲೆ ಗಮನವಿಡಲು ಹೇಳಲಾಗಿತ್ತು. ಗುರುತಿನ ಮೇಲೆ ಗಮನವಿಟ್ಟವರೇ ಚೆನ್ನಾಗಿ ಕಲಿತರು. ಹಾಗಾಗಿ "ಮೊಣಕಾಲು ನೋಡ್ಕೋ, ಪಾದ ನೋಡ್ಕೋ" ಎಂದು ನಾನೀಗ ಕೂಗುವುದಿಲ್ಲ. "ಆ ಟೇಪಿನ ತುದಿ ಮುಟ್ಟು" ಎನ್ನುತ್ತೇನೆ.

ಮನೆಯಲ್ಲೇ ಮಾಡಿ ನೋಡಬಹುದು. ಗೋಡೆಯ ಪಕ್ಕದಲ್ಲಿ, ಬರಿಗಾಲಲ್ಲಿ, ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ, ಆಮೇಲೆ ಕಣ್ಣು ತೆರೆದು ಏಳೇಳು ಕಳೆಯುತ್ತಾ ನಿಲ್ಲಿ. ಎಡಬಲ ಎರಡೂ ಕಾಲನ್ನು ಹೋಲಿಸಿ. ಅಭ್ಯಾಸ ಮಾಡಿದರೆ ವಾರಗಳಲ್ಲಿ ಸುಧಾರಿಸುತ್ತದೆ. ಒಂದೇ ಬಗೆಯ ಅಭ್ಯಾಸ ಸಾಲದು. ವೃಕ್ಷಾಸನ ಬಂದ ಮಾತ್ರಕ್ಕೆ ಕಬಡ್ಡಿ ಅಂಕಣದ ಸಮತೋಲನ ಬಂದುಬಿಡುವುದಿಲ್ಲ. ನಿಂತಲ್ಲೇ ಕೋಣೆ ಸುತ್ತಿದಂತಾಗುವುದು, ಕಾರಣವಿಲ್ಲದೆ ಪದೇ ಪದೇ ಬೀಳುವುದು ಇದ್ದರೆ ಅಭ್ಯಾಸ ಬಿಟ್ಟು ವೈದ್ಯರನ್ನು ಕಾಣಿ. ಮೊಬೈಲ್ ನೋಡುತ್ತಾ ಮೆಟ್ಟಿಲಿಳಿಯುವ ಅಭ್ಯಾಸ ಯಾವ ವಯಸ್ಸಿಗೂ ಬೇಡ. ಅದು ಕಣ್ಣು, ಗಮನ ಎರಡನ್ನೂ ಒಟ್ಟಿಗೇ ಕಸಿಯುತ್ತದೆ.

ದೈಹಿಕ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಪಾದ ಉಳುಕಿ ಚೇತರಿಸಿಕೊಂಡ ಮಕ್ಕಳನ್ನು ಅಂಕಣಕ್ಕೆ ಇಳಿಸುವ ಮುನ್ನ "ನೋವಿದೆಯಾ?" ಎಂದು ಕೇಳಿ ಬಿಟ್ಟುಬಿಡಬೇಡಿ. ಒಂಟಿಕಾಲಲ್ಲಿ ನಿಲ್ಲಿಸಿ, ನೂರರಿಂದ ಏಳು ಕಳೆಯಲು ಹೇಳಿ. ಎರಡೂ ಕಾಲಲ್ಲಿ ಲೆಕ್ಕ ಒಂದೇ ಸಮ ಇಳಿಯುವವರೆಗೆ ಅವರನ್ನು ಬೆಂಚಿನ ಮೇಲೇ ಕೂರಿಸಿ.