ಟೈರ್ ದಪ್ಪ ಆದ್ರ ಗಾಡಿ ಗಟ್ಟಿ ಆಗೋದಿಲ್ಲ

ಉಮರ್ಗಾ: ಸೋಲಾಪುರ-ಹೈದರಾಬಾದ್ ಹೆದ್ದಾರಿಯಲ್ಲಿ ಲಾರಿಯೊಂದು ಮಗ್ಗುಲಿನಿಂದ ಹಾದುಹೋದಾಗ ಬೈಕಿನ ಹಿಂಬದಿ ಓಲಾಡಿದರೆ ಬಹಳ ಮಂದಿ ಗಾಳಿಯನ್ನು ಬಯ್ಯುತ್ತಾರೆ, ಇಲ್ಲವೇ ರಸ್ತೆಯನ್ನು. ಹೊಸದಾಗಿ ಹಾಕಿಸಿದ ದಪ್ಪ ಟೈರಿನ ಕಡೆ ಕಣ್ಣು ಹೋಗುವುದಿಲ್ಲ.

ಬೀದರ, ಭಾಲ್ಕಿ, ಬಸವಕಲ್ಯಾಣ, ಆಳಂದ ಕಡೆ ಬೀಗತನ ಇರುವ ಗಡಿಯಾಚೆಯ ಕನ್ನಡ ಕುಟುಂಬಗಳಿಗೆ ಬೈಕೇ ಬಸ್ಸು. ಉದಗೀರ, ನಿಲಂಗಾ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಸರಿದರೂ ಮದುವೆ, ಜಾತ್ರೆಯ ಓಡಾಟ ನಿಂತಿಲ್ಲ. ಗಂಡ, ಹೆಂಡತಿ, ನಡುವೆ ಕೂಸು, ಟ್ಯಾಂಕಿನ ಮೇಲೊಂದು ಚೀಲ. ಇಷ್ಟೂ ಭಾರ ನಿಲ್ಲುವುದು ಎರಡು ಟೈರುಗಳು ನೆಲಕ್ಕೆ ತಾಗುವ ಅಂಗೈಯಷ್ಟು ಜಾಗದ ಮೇಲೆ.

ಟೈರ್ ಸವೆದಾಗ ದುಕಾನಿಗೆ ಹೋಗಿ ‘ಸ್ವಲ್ಪ ದಪ್ಪಂದು ಹಾಕ್ರಿ, ಗ್ರಿಪ್ ಬರ್ತದ’ ಎನ್ನುವವರಿದ್ದಾರೆ. ನೋಡಲು ಚೆಂದ, ಒಪ್ಪೋಣ. ಆದರೆ ರಿಮ್ ಒಪ್ಪಬೇಕಲ್ಲ?

ಅಂಕಿಯಲ್ಲೇ ಉತ್ತರ

ಸ್ಪ್ಲೆಂಡರ್ ಪ್ಲಸ್ ಗಾಡಿಯ ಟೈರಿನ ಮೇಲೆ 80/100-18 ಎಂದಿರುತ್ತದೆ. 80 ಎಂದರೆ ಅಗಲ, ಮಿಲಿಮೀಟರಿನಲ್ಲಿ. 100 ಎಂದರೆ ಟೈರಿನ ಎತ್ತರ ಆ ಅಗಲದ ಶೇ 100, ಅಂದರೆ ಅದೂ 80 ಮಿ.ಮೀ. 18 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಹಳೆ ಗಾಡಿಗಳ 2.75-18ರಲ್ಲಿ ಅಗಲವೂ ಇಂಚಿನಲ್ಲೇ.

ರಿಮ್ಮಿನ ಮೇಲೂ ಅಂಕಿ ಇರುತ್ತದೆ. ಉದಾಹರಣೆಗೆ 1.60×18. ಈ 1.60 ಇಂಚು ರಿಮ್ಮಿನ ಒಳ ಅಗಲ, ಸುಮಾರು 41 ಮಿ.ಮೀ. ತಕರಾರು ಇರುವುದೇ ಇಲ್ಲಿ.

ಇಂಥ ರಿಮ್ಮಿಗೆ 100/90-18 ಟೈರ್ ಹಾಕಿದರೆ ಕೂಡುತ್ತದೆ. ಆದರೆ ಆ ಟೈರಿಗೆ ಬೇಕಾದದ್ದು ಎರಡು ಇಂಚಿಗಿಂತ ಅಗಲದ ರಿಮ್. ಇಕ್ಕಟ್ಟಿನಲ್ಲಿ ಟೈರಿನ ಎರಡೂ ಅಂಚು ಒಳಕ್ಕೆ ಒತ್ತಿಕೊಂಡು ಮೈ ದುಂಡಗೆ ಉಬ್ಬುತ್ತದೆ. ಅಗಲ ಟೈರ್ ಹಾಕಿಸಿದ್ದು ನೆಲ ಹೆಚ್ಚು ಹಿಡಿಯಲೆಂದು. ಹಿಡಿಯುವುದು ನಡುವಿನ ಪಟ್ಟಿ ಮಾತ್ರ, ಬೇಗ ಸವೆಯುವುದೂ ಅದೇ. ತಿರುವಿನಲ್ಲಿ ವಾಲಿಸಿದಾಗ ಟೈರಿನ ಮಗ್ಗುಲು ಬಳುಕಿ ಗಾಡಿ ಓಲಾಡುತ್ತದೆ. ವ್ಯಾಸ 20 ಮಿ.ಮೀ ಹೆಚ್ಚುವುದರಿಂದ ಹಿಂಬದಿ 10 ಮಿ.ಮೀ ಏಳುತ್ತದೆ. ಚೈನ್ ಕವರಿಗೆ ತಿಕ್ಕಿದರೆ ಅದು ಬೇರೆ.

ಅಗಲ ರಿಮ್ಮಿಗೆ ಸಣ್ಣ ಟೈರ್ ಹಾಕಿದರೂ ಸುಖವಿಲ್ಲ. ಟೈರ್ ಚಪ್ಪಟೆಯಾಗಿ, ಗುಂಡಿಯ ಪೆಟ್ಟು ಸೀದಾ ರಿಮ್ಮಿಗೆ.

ಇನ್ನೊಂದು ಅಂಕಿಯನ್ನು ಕುಟುಂಬಸ್ಥರು ಮರೆಯಬಾರದು. ಸ್ಪ್ಲೆಂಡರ್ ಪ್ಲಸ್‌ನ ಎರಡೂ ಟೈರಿನ ಅಳತೆ ಒಂದೇ ಆದರೂ ಮುಂದಿನದಕ್ಕೆ 47 ಪಿ, ಹಿಂದಿನದಕ್ಕೆ 54 ಪಿ ಎಂದಿರುತ್ತದೆ. 47 ಎಂದರೆ 175 ಕೆ.ಜಿ, 54 ಎಂದರೆ 212 ಕೆ.ಜಿ ಹೊರುವ ತಾಕತ್ತು. ‘ಸೈಜ್ ಒಂದೇ ಅದ’ ಅಂತ ಮುಂದಿನದನ್ನು ಹಿಂದೆ ಹಾಕಿಸಿದರೆ, ಮೂವರು ಕೂತಾಗ ಅದರ ಫಲ ಕಾಣುತ್ತದೆ.

ತಂತಿ ಕಡ್ಡಿಯ ಗಾಲಿಗೆ ಟ್ಯೂಬ್‌ಲೆಸ್ ಟೈರ್ ಹಾಕಿಸಿ ಟ್ಯೂಬ್ ತೆಗೆಸುವುದೂ ತಪ್ಪು. ಸಾಮಾನ್ಯ ಕಡ್ಡಿ ರಿಮ್ಮಿನಲ್ಲಿ ಕಡ್ಡಿಯ ತೂತುಗಳಿಂದ ಹವಾ ಇಳಿಯುತ್ತದೆ.

ದುಕಾನಿಗೆ ಹೋಗುವ ಮುನ್ನ ರಿಮ್ಮಿನ ಮೇಲಿನ ಎರೆಮಣ್ಣು ಒರೆಸಿ ಅಂಕಿ ಬರೆದುಕೊಳ್ಳಿ, ಗಾಡಿಯ ಪುಸ್ತಕದೊಂದಿಗೆ ತಾಳೆ ನೋಡಿ. ಟೈರ್ ಕೂಡಿಸಿದ ಮೇಲೆ ಬಾಣದ ಗುರುತು ಗಾಲಿ ತಿರುಗುವ ಕಡೆಗೇ ಇದೆಯೇ, ಅಂಚಿನ ಗೆರೆ ರಿಮ್ಮಿನ ಸುತ್ತ ಒಂದೇ ಸಮ ಕೂತಿದೆಯೇ ನೋಡಿ. ಹೊಸ ಟೈರಿನ ಮೈ ಜಾರುತ್ತದೆ. ಮೊದಲ 150 ಕಿ.ಮೀ ಗಾಡಿ ಸಾವಕಾಶ ಓಡಿಸಬೇಕು, ಮಳೆ ಬಿದ್ದ ರಸ್ತೆಯಲ್ಲಂತೂ ಇನ್ನೂ ನಿಧಾನ.