ಸ್ತನ ಕ್ಯಾನ್ಸರಿನ ಶೋಧನೆಯಲ್ಲಿ ಬಿಂಬಗ್ರಹಣದ ನಿಖರತೆ: ಒಂದು ಐತಿಹಾಸಿಕ ವಿವೇಚನೆ

ರೋಗಲಕ್ಷಣವೇನೂ ಇಲ್ಲದ ಸ್ತ್ರೀಯರನ್ನು ಪರೀಕ್ಷಿಸಿ, ಸ್ತನ ಕ್ಯಾನ್ಸರನ್ನು ಅದರ ಆರಂಭಾವಸ್ಥೆಯಲ್ಲಿಯೇ ಕಂಡುಹಿಡಿಯುವ ಕ್ರಮಕ್ಕೆ ಸಾಮೂಹಿಕ ಶೋಧನೆಯೆಂದು ಹೆಸರು. ಬೆಂಗಳೂರಿನ ಕ್ಯಾನ್ಸರ್ ನೋಂದಣಿ ಕಾರ್ಯವನ್ನು ಕಿದ್ವಾಯಿ ಸಂಸ್ಥೆಯು ೧೯೮೨ರಿಂದ ನಡೆಸಿಕೊಂಡು ಬಂದಿದೆ. ಇಂದು ಈ ನಗರದ ಸ್ತ್ರೀಯರಲ್ಲಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಇದೇ. ಆದುದರಿಂದ ಶೋಧನೆಯ ಉಪಕರಣಗಳು ಎಷ್ಟರಮಟ್ಟಿಗೆ ನಂಬತಕ್ಕವು ಎಂಬ ಪ್ರಶ್ನೆ ವೈದ್ಯರಿಗೆ ಮಾತ್ರ ಸೇರಿದುದಲ್ಲ. ಆ ಉಪಕರಣಗಳ ಇತಿಹಾಸದಿಂದ ಈ ಪ್ರಶ್ನೆಗೆ ದೊರೆಯುವ ಬೆಳಕನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಲಾಗಿದೆ.

ಕ್ಷಕಿರಣದ ಕಥೆ ಮೊದಲನೆಯದು. ಬರ್ಲಿನ್ನಿನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೊಮನ್, ಶಸ್ತ್ರಕ್ರಿಯೆಯಿಂದ ತೆಗೆದ ಸುಮಾರು ೩,೦೦೦ ಸ್ತನಗಳ ಕ್ಷಕಿರಣ ಚಿತ್ರಗಳ ಅಧ್ಯಯನವನ್ನು ೧೯೧೩ರಲ್ಲಿ ಪ್ರಕಟಿಸಿದನು. ಯಾರು ಬೇಕಾದರೂ ಕಲಿತು ಅನುಸರಿಸಬಹುದಾದ ವಿಧಾನವನ್ನು ರೂಪಿಸಿದವನು ಅಮೆರಿಕದ ರಾಬರ್ಟ್ ಈಗನ್, ೧೯೬೦ರಲ್ಲಿ. ೧೯೬೩ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ೬೨,೦೦೦ ಸ್ತ್ರೀಯರನ್ನು ಎರಡು ಪಂಗಡಗಳಾಗಿ ವಿಂಗಡಿಸಿ ಆರಂಭಿಸಿದ ಪ್ರಯೋಗದಲ್ಲಿ, ಮ್ಯಾಮೋಗ್ರಫಿಯನ್ನೂ ವೈದ್ಯಕೀಯ ತಪಾಸಣೆಯನ್ನೂ ಒದಗಿಸಿದ ಪಂಗಡದಲ್ಲಿ ಈ ರೋಗದಿಂದಾದ ಮರಣಗಳು ಕಡಿಮೆಯಾದುದು ಸಿದ್ಧವಾಯಿತು. ಆದರೆ ಈ ವಿಧಾನಕ್ಕೆ ಒಂದು ಮಿತಿಯುಂಟು. ಗ್ರಂಥಿ ಹಾಗೂ ನಾರಿನ ಅಂಶ ಹೆಚ್ಚಾಗಿರುವ ಸಾಂದ್ರ ಸ್ತನ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರಿನ ಗಂಟೂ ಬೆಳ್ಳಗೆಯೇ ಕಾಣುತ್ತದೆ. ಸಾಂದ್ರತೆ ತರುಣ ವಯಸ್ಸಿನಲ್ಲಿ ಅಧಿಕ. ನಮ್ಮ ದೇಶದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆಯೇ ತಲೆದೋರುವುದರಿಂದ ಈ ಮಿತಿ ನಮಗೆ ಹೆಚ್ಚು ಬಾಧಕ. ಫಿಲ್ಮಿನ ಬದಲು ಡಿಜಿಟಲ್ ಚಿತ್ರ ಬಂದಾಗ, ೨೦೦೫ರಲ್ಲಿ ಪ್ರಕಟವಾದ ೪೯,೫೨೮ ಸ್ತ್ರೀಯರ ಅಧ್ಯಯನದಲ್ಲಿ, ಒಟ್ಟಿನಲ್ಲಿ ಎರಡೂ ಸಮಾನವೆಂದು ತೋರಿದರೂ ಐವತ್ತಕ್ಕಿಂತ ಕಡಿಮೆ ವಯಸ್ಸಿನವರಲ್ಲಿಯೂ ಸಾಂದ್ರ ಸ್ತನದವರಲ್ಲಿಯೂ ಡಿಜಿಟಲ್ ಚಿತ್ರವೇ ಮೇಲಾಗಿತ್ತು. ನಿಖರತೆಯೆಂಬುದು ಯಂತ್ರವೊಂದರ ಸ್ಥಿರಗುಣವಲ್ಲ. ಪರೀಕ್ಷೆಗೊಳಗಾಗುವವರು ಯಾರೆಂಬುದನ್ನು ಅನುಸರಿಸಿ ಅದು ಬದಲಾಗುತ್ತದೆ.

ಎರಡನೆಯದು ಉಷ್ಣಚಿತ್ರಣ. ಗಂಟಿನ ಮೇಲಣ ಚರ್ಮ ಸುತ್ತಲಿನ ಚರ್ಮಕ್ಕಿಂತ ಬೆಚ್ಚಗಿರುವುದನ್ನು ಕೆನಡಾದ ರೇ ಲಾಸನ್ ೧೯೫೬ರಲ್ಲಿ ವರದಿ ಮಾಡಿದನು. ಈ ವಿಧಾನಕ್ಕೆ ವಿಕಿರಣ ಬೇಡ, ಸ್ತನವನ್ನು ಅದುಮಬೇಕಾಗಿಲ್ಲ. ಆದುದರಿಂದ ಅದು ಬಹಳ ಆಸೆ ಹುಟ್ಟಿಸಿತು. ಆದರೆ ಅಮೆರಿಕದಲ್ಲಿ ೧೯೭೩ರಲ್ಲಿ ಆರಂಭವಾದ ಬೃಹತ್ ಶೋಧನ ಯೋಜನೆಯಲ್ಲಿ ಅನೇಕ ಕ್ಯಾನ್ಸರುಗಳು ಅದರ ಕಣ್ಣಿಗೆ ಬೀಳದೆ ಹೋದುದರಿಂದ, ಆ ದಶಕದಲ್ಲಿಯೇ ಅದನ್ನು ಕೈಬಿಡಲಾಯಿತು. ಹೀಗೆ ತಿರಸ್ಕೃತವಾದ ವಿಧಾನಕ್ಕೆ ಬೆಂಗಳೂರಿನಲ್ಲಿ ಮರುಹುಟ್ಟು ದೊರೆಯಿತು. ೨೦೧೬ರಲ್ಲಿ ಡಾ. ಗೀತಾ ಮಂಜುನಾಥರು ಸ್ಥಾಪಿಸಿದ ನಿರಾಮಯಿ ಸಂಸ್ಥೆ, ಉಷ್ಣಚಿತ್ರವನ್ನು ಓದುವ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸಿತು. ಮನುಷ್ಯನ ಕಣ್ಣಿಗೆ ಬಣ್ಣದ ಮಚ್ಚೆಗಳಾಗಿ ಮಾತ್ರ ತೋರುವುದರಲ್ಲಿ ಉಷ್ಣತೆಯ ಸೂಕ್ಷ್ಮ ವ್ಯತ್ಯಾಸಗಳನ್ನು ಲೆಕ್ಕಹಾಕಿ ತೀರ್ಮಾನಕ್ಕೆ ಬರುವುದು ಇದರ ಕ್ರಮ.

ಈ ಪದ್ಧತಿಯ ಬಗೆಗೆ ೨೦೨೦ರಲ್ಲಿ ಪ್ರಕಟವಾದ, ೪೭೦ ಸ್ತ್ರೀಯರನ್ನೊಳಗೊಂಡ ಅಧ್ಯಯನದಲ್ಲಿ ಕ್ಯಾನ್ಸರ್ ಇದ್ದ ೭೮ ಮಂದಿಯಲ್ಲಿ ಶೇಕಡಾ ೯೧ರಷ್ಟು ಮಂದಿಯನ್ನು ಅದು ಗುರುತಿಸಿತು. ಇಲ್ಲದವರಲ್ಲಿ ಶೇಕಡಾ ೮೨ ಮಂದಿಯನ್ನು ಇಲ್ಲದವರೆಂದೇ ಹೇಳಿತು. ಲಕ್ಷಣವಿಲ್ಲದವರನ್ನಷ್ಟೇ ಗಣಿಸಿದರೆ ಎರಡನೆಯ ಅಂಕಿ ಸುಮಾರು ೯೨ಕ್ಕೆ ಏರುತ್ತದೆ. ಅಂಕಿಗಳು ಉತ್ಸಾಹಕರವೇ ಸರಿ. ಆದರೆ ಅಧ್ಯಯನಕ್ಕೆ ಒಳಗಾದವರಲ್ಲಿ ಆರರಲ್ಲಿ ಒಬ್ಬರಿಗೆ ರೋಗವಿತ್ತೆಂಬುದನ್ನು ಗಮನಿಸಬೇಕು. ಊರಿನ ಸಾಮಾನ್ಯ ಜನರಲ್ಲಿ ಹಾಗಿರುವುದಿಲ್ಲ. ನಿದರ್ಶನಕ್ಕಾಗಿ, ಸಾವಿರ ಸ್ತ್ರೀಯರಲ್ಲಿ ಐವರಿಗೆ ರೋಗವಿದೆಯೆಂದು ಭಾವಿಸೋಣ. ಆ ಐವರೂ ಪತ್ತೆಯಾದರೆಂದೇ ಇಟ್ಟುಕೊಂಡರೂ, ಉಳಿದ ೯೯೫ ಮಂದಿಯಲ್ಲಿ ನೂರಕ್ಕೆ ಎಂಟರಂತೆ ಸುಮಾರು ೮೦ ಮಂದಿ ಆರೋಗ್ಯವಂತರು ಸಂದೇಹಕ್ಕೆ ಒಳಗಾಗುತ್ತಾರೆ. ಎಂದರೆ, ಮರಳಿ ಕರೆಸಿಕೊಂಡ ೮೫ ಮಂದಿಯಲ್ಲಿ ೮೦ ಮಂದಿಯ ಭೀತಿ ನಿಷ್ಕಾರಣವಾದುದು.

ಈ ಲೆಕ್ಕ ಬರಿಯ ಗಣಿತವಲ್ಲ. ಕಿದ್ವಾಯಿ ಸಂಸ್ಥೆ ಇರುವುದು ನಗರದ ದಕ್ಷಿಣದಲ್ಲಿ, ಹೊಸೂರು ರಸ್ತೆಯಲ್ಲಿ. ಯಲಹಂಕದ ಆಚೆಯ ಹಳ್ಳಿಯಿಂದ ಕೂಲಿಯ ಹೆಣ್ಣುಮಗಳು ಎರಡನೆಯ ಪರೀಕ್ಷೆಗೆಂದು ಹೆಬ್ಬಾಳವನ್ನು ದಾಟಿ, ಇಡೀ ಊರನ್ನು ಹಾದು ಅಲ್ಲಿಗೆ ಹೋಗಬೇಕಾದರೆ ಒಂದು ದಿನದ ಕೂಲಿ ಹೋಯಿತು. ಫಲಿತಾಂಶ ಬರುವವರೆಗೆ ಮನೆಯವರಿಗೆ ನೆಮ್ಮದಿಯಿಲ್ಲ. ಮತ್ತೊಂದು ಪಕ್ಷದಲ್ಲಿ, ರೋಗವಿದ್ದೂ ಇಲ್ಲವೆನ್ನಿಸಿಕೊಂಡವಳ ನಷ್ಟ ತುಂಬಲಾರದ್ದು. ಒಂದು ತಪ್ಪನ್ನು ತಗ್ಗಿಸಹೊರಟರೆ ಸಾಮಾನ್ಯವಾಗಿ ಮತ್ತೊಂದು ಹೆಚ್ಚುತ್ತದೆ. ಎರಡನ್ನೂ ಒಟ್ಟಿಗೆ ತಗ್ಗಿಸುವುದೇ ನಿಜವಾದ ಪ್ರಗತಿ.

ಇಲ್ಲಿ ಮುಂಬಯಿಯ ಪ್ರಯೋಗವೊಂದು ಮಾರ್ಗದರ್ಶಕವಾಗಿದೆ. ೧೯೯೮ರಿಂದ ಅಲ್ಲಿನ ೧,೫೧,೫೩೮ ಸ್ತ್ರೀಯರನ್ನು ಎರಡು ಪಂಗಡಗಳಾಗಿಸಿ, ಒಂದು ಪಂಗಡಕ್ಕೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದ ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷೆ ಮಾಡಿಸಲಾಯಿತು. ೨೦೨೧ರ ವರದಿಯಂತೆ, ಐವತ್ತು ಮೀರಿದವರಲ್ಲಿ ಮರಣ ಸುಮಾರು ಶೇಕಡಾ ೩೦ರಷ್ಟು ತಗ್ಗಿತು; ಅದಕ್ಕಿಂತ ಕಿರಿಯರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಯಾವ ಯಂತ್ರವೂ ಇಲ್ಲದ ಸಾಧನೆಯಿದು. ಹೊಸ ಉಪಕರಣ ಇದಕ್ಕಿಂತ ಮೇಲೆಂದು, ಅದರಲ್ಲಿಯೂ ಕೈಪರೀಕ್ಷೆ ಸೋತ ಕಿರಿಯ ವಯಸ್ಸಿನವರಲ್ಲಿ, ತೋರಿಸಿಕೊಡಬೇಕು. ಎಷ್ಟು ಗಂಟುಗಳನ್ನು ಕಂಡಿತೆಂಬುದರಿಂದಲ್ಲ, ನಮ್ಮ ಸ್ತ್ರೀಯರಲ್ಲಿ ಎಷ್ಟು ಮರಣಗಳನ್ನು ತಪ್ಪಿಸಿತೆಂಬುದರಿಂದ ಅದರ ಬೆಲೆ ಕಟ್ಟತಕ್ಕದ್ದು.